ಎತ್ತದ ಒಂದು ಕೈ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ನಮ್ಮ ಚರ್ಚಿನ ದೀಕ್ಷಾಸ್ನಾನದ ತೊಟ್ಟಿ ಸೋರುತ್ತಿದೆ. ಪ್ರಸಂಗಪೀಠದ ಕೆಳಗಿನ ಹಲಗೆಗಳನ್ನು ಕಿತ್ತಿಟ್ಟಿದ್ದಾರೆ. ಗಾರೆಯವನು ನಿನ್ನೆ ಒಳಗಿಳಿದು ಬಿರುಕು ಹುಡುಕುತ್ತಾ, ಇಷ್ಟು ಜನರ ಪಾಪ ತೊಳೆದ ಮೇಲೆ ಸಿಮೆಂಟಾದ್ರೂ ಎಷ್ಟು ದಿನ ತಡೆಯತ್ತೆ ಸಾರ್ ಅಂದ. ಅಪ್ಪನಾಗಿದ್ದರೆ, ನೀರು ಪಾಪ ತೊಳೆಯುವುದಿಲ್ಲ, ಅದು ಬರೀ ಸಾಕ್ಷಿ ಎಂದು ಅಲ್ಲೇ ಒಂದು ಪ್ರಸಂಗ ಮಾಡುತ್ತಿದ್ದರು. ನಾನು ನಕ್ಕು ಸುಮ್ಮನಾದೆ. ಸುಮ್ಮನಾಗುವುದು ನನಗೆ ಮೊದಲಿನಿಂದಲೂ ಸಲೀಸು.

ನಮ್ಮ ಬ್ಯಾಪ್ಟಿಸ್ಟ್ ಸಭೆಗೆ ಈ ವರ್ಷ ನೂರು ತುಂಬುತ್ತದೆ. ಚರಿತ್ರೆ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಮೂರು ವಾರದಿಂದ ಹಳೆಯ ನಡಾವಳಿ ಪುಸ್ತಕಗಳನ್ನು ಓದುತ್ತಾ ಕೂತಿದ್ದೇನೆ. ನಿನ್ನ ಪುಟ ಸಿಕ್ಕಿತು. ಎರಡೇ ಸಾಲು: ಬೋಧಕರ ಮಗಳನ್ನು ಸದಸ್ಯತ್ವದಿಂದ ತೆಗೆಯಲಾಯಿತು; ಒಂದು ಕೈ ಹೊರತು ಎಲ್ಲ ಕೈಗಳೂ ಎದ್ದವು. ಕಾರಣದ ಜಾಗ ಖಾಲಿ. ಹಿರಿಯರಿಗೆ ತೋರಿಸಿದೆ. ಆರಿದ ಹುಣ್ಣು ಯಾಕಪ್ಪಾ ಕೆರೀತೀಯ, ತೊಟ್ಟಿಗೆ ಟೈಲ್ಸ್ ಹಾಕಿಸಿದ್ದು ಬರಿ ಸಾಕು ಅಂದರು.

ಕಾರಣ ನನಗೆ ಗೊತ್ತಿದೆ. ಸಂಡೆ ಸ್ಕೂಲಿನ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು ನೀನು. ಆರಾಧನೆಯಲ್ಲಿ ನಂಬಿಕೆಯ ಸಾಕ್ಷಿ ಹೇಳುವ ಹೊತ್ತಿನಲ್ಲಿ ಎದ್ದು ನಿಂತು, ತೊಟ್ಟಿಯಲ್ಲಿ ಅಪ್ಪ ನಂಬ್ತೀಯಾ ಅಂತ ಕೇಳಿದಾಗ ಹೂಂ ಅಂದಿದ್ದು ನೀರು ಕೊರೀತಿತ್ತು ಅಂತ, ನಂಬಿಕೆ ನನಗಿನ್ನೂ ಬಂದಿಲ್ಲ, ಅಂದೆ. ಅಪ್ಪ ನಮಗೆ ಕಲಿಸಿದ್ದೂ ಅದನ್ನೇ ಅಲ್ಲವೇ? ಒಬ್ಬರ ಪರವಾಗಿ ಇನ್ನೊಬ್ಬರು ನಂಬಲಾಗದು, ಹೆತ್ತವರು ಕೂಡ. ಆ ಒಂದು ಮಾತಿಗೆ ಯುರೋಪಿನಲ್ಲಿ ನಮ್ಮ ಪಂಥದ ಹಿಂದಿನವರನ್ನು ಹೊಳೆಯಲ್ಲಿ ಮುಳುಗಿಸಿ ಕೊಂದರು ಎಂದು ಎಷ್ಟು ಸಲ ಹೇಳಿದ್ದರು. ಆದರೂ ಮುಂದಿನ ಭಾನುವಾರ, ಬಲಗೈ ಪಾಪಕ್ಕೆ ಎಳೆದರೆ ಅದನ್ನು ಕಡಿದು ಬಿಸಾಡು ಎಂಬ ವಚನದ ಮೇಲೆ ಪ್ರಸಂಗ ಮಾಡಿ, ನಿನ್ನನ್ನು ಹಿಂದಿನ ಕೋಣೆಗೆ ಕಳಿಸಿ, ಒಪ್ಪುವವರು ಕೈ ಎತ್ತಿ ಅಂದರು.

ನನಗೆ ಹದಿಮೂರು. ದೀಕ್ಷಾಸ್ನಾನವಾಗಿ ಎರಡು ವಾರವಾಗಿತ್ತು. ಅದರ ಜೊತೆಗೆ ಬಂದ ಕೈ ಎತ್ತುವ ಹಕ್ಕು ಹೊಸ ಅಂಗಿಯ ಹಾಗಿತ್ತು.

ನಾನು ಎತ್ತಿದೆ, ಅಕ್ಕ.

ಹೊರಗೆ ಬೀದಿಯಲ್ಲಿ ನೀನು, ಒಂದು ಕೈ ಏಳ್ಲಿಲ್ವಂತೆ, ನಿಂದೇನೋ ಗುಬ್ಬಿ ಅಂತ ಕೇಳಿದೆ. ನಾನು ಹೌದು ಅನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ಹಾಗಾಗಿ ಅದು ಸುಳ್ಳಲ್ಲ ಎಂದು ಮೂವತ್ತೆಂಟು ವರ್ಷ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ನೀನು ಆ ಕೈಯನ್ನೇ ಹಿಡಿದು ಮನೆತನಕ ನಡೆದೆ. ಊರು ಬಿಟ್ಟ ಮೇಲೆ ಪ್ರತಿ ಕಾಗದದ ಕೊನೆಗೂ, ಆ ಕೈಗೆ ನನ್ನ ಮುತ್ತು ಎಂದು ಬರೆದೆ. ನಾನು ತೆಗೆದುಕೊಳ್ಳುತ್ತಾ ಬಂದೆ.

ಏಳದ ಕೈ ನನ್ನ ಪಕ್ಕದಲ್ಲಿತ್ತು. ಅಮ್ಮ ಹಾಡಿನ ಪುಸ್ತಕವನ್ನು ಎರಡೂ ಕೈಯಿಂದ ಮಡಿಲಲ್ಲಿ ಅದುಮಿ ಹಿಡಿದು ಅಪ್ಪನನ್ನೇ ನೋಡುತ್ತಿದ್ದಳು. ಎಣಿಸುತ್ತಾ ಬಂದ ಅಪ್ಪ ನಮ್ಮ ಬೆಂಚಿನ ಹತ್ತಿರ ತಡೆದರು. ಆಮೇಲೆ ಹಿಂದಿನ ಸಾಲಿಗೆ ಹೋದರು. ಸಾಯುವ ತನಕ ಅದರ ಸುದ್ದಿ ಎತ್ತಲಿಲ್ಲ.

ಅಮ್ಮ ಸೊಂಟ ಮುರಿದುಕೊಂಡು ಮಲಗಿದ್ದಾಳೆ ಎಂದು ನಾನು ಬರೆದಾಗ, ಗಂಡನ ಮಾತು ಕೇಳಿ ಹೆತ್ತ ಮಗಳ ವಿರುದ್ಧ ಕೈ ಎತ್ತಿದವಳ ಮಂಚದ ಪಕ್ಕ ಕೂರಲಾರೆ, ನಿನಗೋಸ್ಕರವಾದರೆ ಯಾವಾಗಲಾದರೂ ಬಂದೇನು ಎಂದು ನೀನು ಉತ್ತರಿಸಿದೆ. ಡಾಕ್ಟರು ಈಗ ತಿಂಗಳ ಮಾತು ಬಿಟ್ಟು ವಾರದ ಮಾತಾಡುತ್ತಿದ್ದಾರೆ. ನನಗೋಸ್ಕರ ಬರಬೇಡ. ನೀನು ನನಗೆ ಕೊಟ್ಟಿದ್ದೆಲ್ಲ ಅವಳಿಗೆ ಸೇರಬೇಕಾದದ್ದು. ಬೇಗ ಬಾ.

ಇಂತಿ ನಿನ್ನ ತಮ್ಮ,
ಗುಬ್ಬಿ

ತಾ.ಕ.: ಮಡಚುವ ಮೊದಲು ಅಮ್ಮನಿಗೆ ಓದಿ ಹೇಳಿದೆ. ನಂಗೊತ್ತಿತ್ತು ಕಣೋ, ಅವಳು ನಿನ್ ಕೈ ಹಿಡ್ಕೊಂಡು ಹೋಗೋದನ್ನ ಹಿಂದಿನಿಂದ ನೋಡ್ತಾನೇ ಇದ್ದೆ, ಅವತ್ತು ಅವಳಿಗೆ ಹಿಡ್ಕೊಳ್ಳೋಕೆ ಒಂದು ಕೈ ಬೇಕಿತ್ತು ಅಂದಳು. ಈ ಕಾಗದ ಹಾಕ್ಬೇಡ, ಅವಳಿಗೆ ತಮ್ಮನಾದ್ರೂ ಉಳೀಲಿ ಅಂತಲೂ ಅಂದಳು. ಚಪ್ಪಲಿ ಮೆಟ್ಟಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅಂಚೆಪೆಟ್ಟಿಗೆ ಬೀದಿಯ ಕೊನೆಯಲ್ಲೇ ಇದೆ.