ಹದಿನೆಂಟೋ ಇಪ್ಪತ್ತೆರಡೋ

ಜನವರಿ 9, ಬೆಳಿಗ್ಗೆ 7

ಹಾಲು, ಸೋಪು, ಬಸ್ ಪಾಸ್. ಅಕ್ಕನ ಮನೆಯ ಗ್ಯಾಸಿಗೆ ನನ್ನ ಪಾಲು. ಕಣ್ಣಿನ ಡ್ರಾಪ್ಸ್... ವಕೀಲೆ ಕೊಟ್ಟ ಫಾರಂ ತುಂಬುತ್ತಿದ್ದೇನೆ. ತಿಂಗಳ ಖರ್ಚು ಒಂದನ್ನೂ ಬಿಡಬಾರದಂತೆ. ‘ಮನರಂಜನೆ’ ಅಂತಲೂ ಒಂದು ಕಾಲಂ. ಅಲ್ಲಿ ಅಕ್ಕನ ಹೆಸರು ಬರೆಯೋಣವೇ ಅನ್ನಿಸಿತು.

‘ಉದ್ಯೋಗ’ದ ಎದುರು ಪೆನ್ನು ನಿಂತಿತು. ನನ್ನ ಗಂಡನ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತು ವರ್ಷ ಗಾಜಿನ ಅಂಚು ಅರೆದು ಫ್ರೇಮಿಗೆ ಕೂರಿಸಿದ್ದೇನೆ. ಗಂಡನ ಅಂಗಡಿಯಲ್ಲಿ ಹೆಂಡತಿ ಸಂಬಳ ಕೇಳುತ್ತಾಳೆಯೇ? ‘ಇಲ್ಲ’ ಎಂದು ಬರೆದೆ.

ಜನವರಿ 16

ವಕೀಲೆ ಕ್ಯಾಲ್ಕುಲೇಟರ್ ಮುಟ್ಟದೆ ಮಾತಾಡಲಾರರು. ಗಂಡನ ಸಂಪಾದನೆ, ನನ್ನ ಸೊನ್ನೆ, ಒಟ್ಟಿಗೆ ಬಾಳಿದ ವರ್ಷ.

“ಕಾನೂನಲ್ಲಿ ಬರ್ದಿಲ್ಲ, ಆದ್ರೆ ಇಂಥ ರಾಜಿಗಳಲ್ಲಿ ರೂಢಿ ಇದೆ: ಇಪ್ಪತ್ತು ವರ್ಷ ದಾಟಿದ್ರೆ ನೀವು ಇರೋತನಕ ಜೀವನಾಂಶ ಬರುತ್ತೆ, ಮೇಡಮ್. ದಾಟದಿದ್ರೆ ಒಂಬತ್ತೇ ವರ್ಷ.”

“ಇಪ್ಪತ್ತೆರಡು,” ಅಂದೆ ಥಟ್ಟನೆ. ಆ ಮನೆ ಬಿಟ್ಟು ಬಂದದ್ದು ಹೋದ ವರ್ಷ ತಾನೇ.

ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಒಂಬತ್ತು ವರ್ಷಕ್ಕೆ ನನಗೆ ಅರವತ್ತು. ಎಡಗಣ್ಣು ಈಗಲೇ ಮಂಜು. ಆಮೇಲೆ ಯಾರ ಅಂಗಡಿಯಲ್ಲಿ ಗಾಜು ಅರೆಯಲಿ?

ಫೆಬ್ರವರಿ 2, ಮಧ್ಯಾಹ್ನ

ಅವರ ಕಡೆಯ ಉತ್ತರ ಬಂತು. ಹದಿನೆಂಟು ವರ್ಷವಂತೆ! ಅವರು ಹಾಸಿಗೆ ಸುತ್ತಿಕೊಂಡು ಮಹಡಿಗೆ ಹೋದ ದಿನವೇ ದಾಂಪತ್ಯ ಮುಗಿಯಿತಂತೆ. ಆಮೇಲೆ ‘ಒಂದೇ ಸೂರಿನಡಿ ಬೇರೆ ಬೇರೆ’. ನಾಲಿಗೆಗೆ ಎಲುಬಿಲ್ಲ ಅಂತಾರೆ, ಕಾಗದಕ್ಕೂ ಇಲ್ಲ. ಹಾಗಾದರೆ ಅದರ ನಂತರ ಎರಡೂವರೆ ವರ್ಷ, ಹಾಸಿಗೆ ಹಿಡಿದ ಅತ್ತೆಯ ಮೈ ಒರೆಸಿ, ಮಗ್ಗುಲು ತಿರುಗಿಸಿದವಳು ಯಾರು? ಬಾಡಿಗೆಗಿದ್ದವಳೇ? ಸಿಟ್ಟಿಗೆ ಊಟ ಸೇರಲಿಲ್ಲ.

ಅಕ್ಕ ಅಂದಳು: “ದಿನಾ ಅದೇನೋ ಗೀಚ್ತಿರ್ತೀಯಲ್ಲ, ಅದರಲ್ಲಿ ಹುಡುಕೇ. ಒಂದು ಸಲನಾದ್ರೂ ಉಪಯೋಗಕ್ಕೆ ಬರಲಿ.”

ಫೆಬ್ರವರಿ 3

ಟ್ರಂಕಿನಿಂದ ಹಳೆಯ ಡೈರಿಗಳನ್ನು ತೆಗೆದೆ. ಹಾಸಿಗೆ ಮಹಡಿಗೆ ಹೋದ ದಿನ ನಾನೇ ಬರೆದಿದ್ದೇನೆ: ‘ಹೋಗಲಿ. ಗೊರಕೆಯ ಕಾಟ ತಪ್ಪಿತು.’ ಅಷ್ಟೇ. ಆಮೇಲೆ ಪುಟಗಟ್ಟಲೆ ಅತ್ತೆಯ ಮಾತ್ರೆ, ಅಂಗಡಿಯ ಆರ್ಡರು. ಅವರ ಸುದ್ದಿಯೇ ಇಲ್ಲ. ಅವರು ಹೇಳುವುದೇ ಸರಿಯೇನೋ...

ಫೆಬ್ರವರಿ 5

ಸಿಕ್ಕಿತು. ಅತ್ತೆ ತೀರಿಕೊಂಡ ಮರುದಿನ. ನನ್ನದೇ ಅಕ್ಷರ:

‘ಬಂದವರೆಲ್ಲ ಹೋದರು. ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಇವರು ಬಂದು ನನ್ನ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು. ನೀನೂ ಬಿಟ್ಟು ಹೋಗಬೇಡ ಕಣೆ ಅಂದರು. ಹೋಗಲ್ಲ ಅಂದೆ. ಹಾಸಿಗೆ ಕೆಳಗೆ ಬಂತು.’

ಕೆಳಗಿದ್ದದ್ದು ಎಂಟೇ ದಿನ. ಮತ್ತೆ ಮಹಡಿ, ಮತ್ತೆ ಮೌನ. ಒಂದೂವರೆ ವರ್ಷ ಅದನ್ನೇ ನುಂಗಿಕೊಂಡಿದ್ದು, ಒಂದು ಸೂಟ್‌ಕೇಸ್ ಹಿಡಿದು ಇಲ್ಲಿಗೆ ಬಂದೆ.

ವಕೀಲೆ ಫೋನಿನಲ್ಲೇ ಕುಣಿದಾಡಿದರು. “ಇಪ್ಪತ್ತು ದಾಟಿತು, ಮೇಡಮ್! ಅತ್ತೆ ಹೋಗೋ ಹೊತ್ತಿಗೆ ಇಪ್ಪತ್ತೂವರೆ! ಆ ಪುಟದ ಜೆರಾಕ್ಸ್ ತನ್ನಿ.”

ಫೆಬ್ರವರಿ 13

ವಾರವಾಯಿತು, ಕೊಟ್ಟಿಲ್ಲ. ಆ ಮನುಷ್ಯ ನನ್ನೆದುರು ಅತ್ತದ್ದು ಅದೊಂದೇ ಸಲ. ಅದನ್ನು ಹೋಗಿ ನಾಲ್ಕು ಜನರ ಮುಂದೆ ಹರಡುವುದೇ?

“ನಿನ್ನ ಸಂಕೋಚ ಬಾಡಿಗೆ ಕಟ್ಟುತ್ತಾ?” ಅಂದಳು ಅಕ್ಕ. “ನನ್ನ ಕಾಲ ಆದ್ಮೇಲೆ ನಿನ್ನ ನೋಡೋರ್ಯಾರೇ?” ಹೇಳಿದ್ದು ಸಿಟ್ಟಿನಲ್ಲಿ. ಅವಳ ಕಣ್ಣಲ್ಲಿ ಮಾತ್ರ ನೀರಿತ್ತು.

ಮಧ್ಯಾಹ್ನ ಜೆರಾಕ್ಸ್ ಅಂಗಡಿಗೆ ಹೋದೆ. ಅವನು ಪುಟ ನೇರ ಮಾಡುತ್ತಾ ಓದಿದ. ಓದಿ, ನನ್ನ ಮುಖ ನೋಡದೆ ಚಿಲ್ಲರೆ ಕೊಟ್ಟ.

ಮಾರ್ಚ್ 20, ಸಂಜೆ 6

ರಾಜಿ ಮಾತಿನ ಕೋಣೆ. ಉದ್ದ ಮೇಜು, ಆ ಕಡೆ ಅವರು, ಈ ಕಡೆ ನಾನು. ಅವರ ಕನ್ನಡಕದ ಎಡಗಡೆಯ ಕಡ್ಡಿ ಸಡಿಲವಾಗಿತ್ತು. ಕೈಚಾಚಿ ತಿರುಪು ಬಿಗಿಮಾಡಬೇಕು ಅನ್ನಿಸಿತು — ಹಾಳು ಅಭ್ಯಾಸ.

ವಕೀಲೆ ಜೆರಾಕ್ಸನ್ನು ಅವರ ಮುಂದೆ ಸರಿಸಿದರು. ಅವರು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. ಅವರ ವಕೀಲ ಬಾಯಿ ತೆರೆದ, ಅವರೇ ಕೈಯೆತ್ತಿ ತಡೆದರು.

“ಸರಿಯಾಗೇ ಇದೆ. ಇಪ್ಪತ್ತೆರಡು ಅಂತಾನೇ ಬರ್ಕೊಳ್ಳಿ.”

ಸಹಿ ಹಾಕಿದರು. ಗೆದ್ದೆ. ವಕೀಲೆ ನನ್ನ ಕೈ ಕುಲುಕಿದರು.

ಲಿಫ್ಟಿನ ಮುಂದೆ ನಾವಿಬ್ಬರೇ. “ನಾನು ಅತ್ತಿದ್ದು ಬರ್ದಿದ್ದೀಯ, ಹೋಗಲಿ ಬಿಡು,” ಅಂದರು. “ಹೋಗಲ್ಲ ಅಂದಿದ್ದನ್ನೂ ನೀನೇ ಬರ್ದಿಟ್ಟಿದ್ದೀಯಲ್ಲ.”

ಲಿಫ್ಟಿನ ಗುಂಡಿಯನ್ನು ಇನ್ನೊಮ್ಮೆ ಒತ್ತಿದೆ. ಲಿಫ್ಟ್ ಬಂತು. “ನೀನು ಹೋಗು,” ಅಂದರು, “ನಾನು ಮೆಟ್ಟಿಲಲ್ಲಿ ಬರ್ತೀನಿ.”

ಏಪ್ರಿಲ್ 30

ಮೊದಲ ಕಂತು ಬ್ಯಾಂಕಿಗೆ ಬಂದಿದೆ, ತಾರೀಖಿಗೆ ಸರಿಯಾಗಿ. ಇನ್ನು ಕಣ್ಣು ತೋರಿಸಬೇಕು.

ನಲವತ್ತು ದಿನ ಇದನ್ನು ಮುಟ್ಟಿರಲಿಲ್ಲ. ಪೆನ್ನು ಹಿಡಿದರೆ ಸಾಕು, ಜೆರಾಕ್ಸ್ ಅಂಗಡಿಯವನು ಹೆಗಲ ಮೇಲಿಂದ ಬಗ್ಗಿ ನೋಡುತ್ತಾನೆ. ಅವನ ಹಿಂದೆ ವಕೀಲೆ. ಅವರ ಹಿಂದೆ ಇವರು. ಯಾರಿಗೂ ಕಾಣದ ಹಾಗೆ ಅಳಲು ನನಗಿದ್ದದ್ದು ಈ ಪುಟಗಳಷ್ಟೇ. ಅದನ್ನೂ ಮಾರಿಕೊಂಡೆ.

ಲಿಫ್ಟಿನ ಮುಂದೆ ಬಾಯಿಗೆ ಬಾರದ ಮಾತನ್ನು ಇಲ್ಲಾದರೂ ಬರೆಯೋಣವೆಂದು ಕೂತೆ. ಹೋಗಲ್ಲ ಅಂದದ್ದು ಸುಳ್ಳಲ್ಲ. ಆ ಎಂಟನೇ ದಿನ ನೀವು ಹಾಸಿಗೆ ಸುತ್ತುವಾಗ ಬಾಗಿಲಲ್ಲೇ ನಿಂತಿದ್ದೆ. ನೀವೊಂದು ಸಲ ತಿರುಗಿ ನೋಡಿದ್ದರೆ ನಾನು