ಶೆಡ್ಡು ತಯಾರಾದ ಮೇಲೆ

ಲಾಯಿಲ, ಬೆಳ್ತಂಗಡಿ
12-10-2025, ಭಾನುವಾರ

ತೃಷಾಳ ಪಪ್ಪನಿಗೆ ನೀಲಾವತಿಯ ನಮಸ್ಕಾರಗಳು.

ಇಲ್ಲಿ ನಾನು, ದನ, ಬೆಕ್ಕು ಎಲ್ಲ ಕ್ಷೇಮ. ತೃಷಾ ಮೂಡುಬಿದಿರೆಯ ಹಾಸ್ಟೆಲಿನಲ್ಲಿ ಕ್ಷೇಮ. ನೀವು ಶಾರ್ಜಾದಲ್ಲಿ ಕ್ಷೇಮವಾಗಿ, ಭಾರೀ ಖುಷಿಯಲ್ಲಿ ಇದ್ದೀರೆಂದು ಅಲ್ಲಿಂದ ರಜೆಯಲ್ಲಿ ಬಂದ ನೆರೆಮನೆಯ ಹಾರಿಸ್ ಹೇಳಿದ್ದಾನೆ, ಹಾಗಾಗಿ ಅದನ್ನು ಕೇಳುವ ಕೆಲಸ ನನಗೆ ತಪ್ಪಿತು. ನಿಮ್ಮ ವಾಯ್ಸ್ ಮೆಸೇಜುಗಳಿಗೆ ಒಂದು ವಾರದಿಂದ ಉತ್ತರ ಕೊಟ್ಟಿಲ್ಲ, ಬೇಸರ ಮಾಡಬೇಡಿ. ಎಲ್ಲವನ್ನೂ ಕೇಳಿದ್ದೇನೆ. ‘ಗ್ರೈಂಡರ್ ತಲುಪಿತಾ?’, ‘ಗ್ರೈಂಡರ್ ಬಿಚ್ಚಿದೆಯಾ?’, ‘ಗ್ರೈಂಡರಿನ ಕಲ್ಲು ಒಡೆದಿಲ್ಲ ಅಲ್ವಾ?’ ಮಸೆಯುವ ಕಲ್ಲು ಒಡೆದಿಲ್ಲ.

ಈ ಕಾಲದಲ್ಲಿ ಕಾಗದ ಬರೆಯುವವರು ಯಾರು ಎಂದು ನಗಬೇಡಿ. ವಾಟ್ಸ್ಯಾಪಿನಲ್ಲಿ ಬರೆದರೆ ನೀವು ಒಂದು ಹೆಬ್ಬೆರಳು ಕಳಿಸಿ ಸುಮ್ಮನಾಗುತ್ತೀರಿ. ಫೋನಿನಲ್ಲಿ ಹೇಳಿದರೆ ‘ಲೈನು ಸರಿ ಇಲ್ಲ ಮಾರಾಯ್ತಿ’ ಎನ್ನುತ್ತೀರಿ. ಹಾರಿಸ್ ನಾಡಿದ್ದು ವಾಪಸ್ ಹೊರಡುತ್ತಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ. ನಿಮ್ಮ ಸಾಮಾನೆಲ್ಲ ಬೇರೆಯವರ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ನನ್ನ ಮಾತೂ ಒಮ್ಮೆ ಹಾಗೆಯೇ ಬರಲಿ.

ಹೋದ ವರ್ಷ ರಜೆ ಮುಗಿಸಿ ಹೊರಡುವಾಗ ನೀವು ಜಗಲಿಯಲ್ಲಿ ಎಲ್ಲರೆದುರು ಹೇಳಿದ್ದು ನೆನಪುಂಟಲ್ಲ? ‘ಇನ್ನು ಸಾಕು. ಕಾರು ಶೆಡ್ಡನ್ನು ವರ್ಕ್‌ಶಾಪ್ ಮಾಡುವ. ಅದು ತಯಾರಾದ ದಿನ ನಾನು ಕೆಲಸ ಬಿಟ್ಟು ಊರಿಗೆ ಬರ್ತೇನೆ. ಪಂಪು, ಮಿಕ್ಸಿ, ಹುಲ್ಲು ಕತ್ತರಿಸುವ ಮಿಷನ್ನು, ಎಂತ ಹಾಳಾದರೂ ನಾನೇ ರಿಪೇರಿ ಮಾಡ್ತೇನೆ, ಊರಿನವರದ್ದೂ ಮಾಡಿ ಕೊಡ್ತೇನೆ.’ ನಿಮ್ಮ ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕರು. ನಂಬಿದವಳು ನಾನೊಬ್ಬಳೇ. ಅದೇನು ಸಣ್ಣ ನಂಬಿಕೆಯಲ್ಲ. ಕಂಪನಿಯ ಸ್ಟೋರಿನಲ್ಲಿ ಇಷ್ಟು ವರ್ಷ ಬೇರೆಯವರ ಕೈಗೆ ಸ್ಪ್ಯಾನರ್ ಎತ್ತಿ ಕೊಟ್ಟದ್ದೇ ನಿಮ್ಮ ಅನುಭವ. ಒಮ್ಮೆ ಕ್ಯಾಲೆಂಡರಿಗೆ ಮೊಳೆ ಹೊಡೆಯಲು ಹೋಗಿ ಅಂಗೈ ಅಗಲದ ಗಾರೆ ಉದುರಿಸಿ, ಗೋಡೆಯೇ ಸರಿ ಇಲ್ಲ ಎಂದಿರಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೂ ನಂಬಿದೆ. ರಿಪೇರಿ ಮಾಡುತ್ತೀರೆಂದು ಅಲ್ಲ, ಬರುತ್ತೀರೆಂದು.

ಹೇಗೂ ಆ ಶೆಡ್ಡಿನಲ್ಲಿ ಕಾರು ಯಾವತ್ತೂ ನಿಂತಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಿಮ್ಮ ಹಳೆಯ ಚಟ. ಅದರಲ್ಲಿ ಇದ್ದದ್ದು ನನ್ನ ಮಳೆಗಾಲದ ಸೌದೆ, ತೆಂಗಿನ ಮಡಲು, ಸಿಪ್ಪೆ. ಎಲ್ಲವನ್ನೂ ಹೊರಗೆ ಹಾಕಿಸಿದಿರಿ. ನಿಮ್ಮ ಯಂತ್ರಗಳಿಗೆ ಶೀತ ಆಗಬಾರದು ಎಂದು ಇಡೀ ಮಳೆಗಾಲ ನಾನು ಒದ್ದೆ ಸೌದೆ ಊದಿ ಸ್ನಾನದ ನೀರು ಕಾಯಿಸಿದೆ. ಆ ಯಂತ್ರಗಳು ಆಗಿನ್ನೂ ಬಂದೇ ಇರಲಿಲ್ಲ ಎನ್ನುವುದು ಬೇರೆ ಮಾತು.

ಮತ್ತೆ ನಿಮ್ಮ ಕಡಿಮೆ ಖರ್ಚಿನ ಪಾಠ ಶುರುವಾಯಿತು. ಯಾರೋ ಯೂಟ್ಯೂಬಿನಲ್ಲಿ ತೋರಿಸಿದನಂತೆ, ಬುದ್ಧಿವಂತ ಹೊಸತು ಏನನ್ನೂ ಕೊಳ್ಳುವುದಿಲ್ಲವಂತೆ. ಕಬ್ಬಿಣದ ರ‍್ಯಾಕ್ ಬೆಳ್ತಂಗಡಿಯಲ್ಲಿ ತೆಗೆಯಬೇಡ, ಮೆಲ್ಕಾರಿನ ಗುಜರಿಯಲ್ಲಿ ಅರ್ಧಕ್ಕೆ ಸಿಗುತ್ತದೆ ಎಂದಿರಿ. ಎರಡು ಬಸ್ಸು ಹತ್ತಿ ಹೋದೆ. ಸಿಕ್ಕಿತು, ಸುಳ್ಳಲ್ಲ. ತುಕ್ಕು ಹಿಡಿದ, ಒಂದು ಕಾಲು ಗಿಡ್ಡ ಇರುವ ರ‍್ಯಾಕ್. ಅದನ್ನು ಲಾಯಿಲದವರೆಗೆ ತರಲು ಗೂಡ್ಸ್ ರಿಕ್ಷಾದವನಿಗೆ ಕೊಟ್ಟದ್ದು ರ‍್ಯಾಕಿಗೆ ಕೊಟ್ಟದ್ದಕ್ಕಿಂತ ಹೆಚ್ಚು. ಮೂಗಿಗಿಂತ ಮೂಗುತಿ ಭಾರ. ರಿಕ್ಷಾದವ ದಾರಿಯಲ್ಲಿ ಕೇಳಿದ, ‘ಅಕ್ಕ, ಇದನ್ನು ಮಾರ್ಲಿಕ್ಕೆ ಕೊಂಡು ಹೋಗುವುದಾ?’ ತೆಗೆದುಕೊಂಡೇ ಬಂದದ್ದು ಎಂದು ಹೇಳಲು ನನಗೆ ನಾಚಿಕೆಯಾಗಿ ಹೌದು ಎಂದೆ.

ಸ್ಕ್ರೂ ಹಾಕಿಡಲು ಹಾಲಿನ ಪುಡಿಯ ಖಾಲಿ ಡಬ್ಬ ಬೇಕೆಂದಿರಿ, ಇಟ್ಟೆ. ಗೋಡೆಗೆ ಹಲಗೆ ಹೊಡೆಸಿ, ಅದರ ಮೇಲೆ ಪ್ರತಿಯೊಂದು ಉಪಕರಣದ ಆಕಾರವನ್ನು ಬಿಳಿ ಬಣ್ಣದಲ್ಲಿ ಬರೆಸಬೇಕೆಂದಿರಿ, ಯಾವುದು ಎಲ್ಲಿ ಎಂದು ಹುಡುಕಬೇಕಾಗುವುದಿಲ್ಲವಂತೆ. ನೀವು ಕಳಿಸಿದ ಚಿತ್ರ ನೋಡಿ ಅದನ್ನೂ ನಾನೇ ಬರೆದೆ. ಸುತ್ತಿಗೆ, ಗರಗಸ, ಇಕ್ಕಳ, ಎಲ್ಲದರ ಗೆರೆ ಉಂಟು, ಸಾಮಾನು ಇಲ್ಲ. ತೃಷಾ ಶನಿವಾರ ಬಂದವಳು ನೋಡಿ, ‘ಅಮ್ಮ, ಎಂತ ಇದು, ಕೊಲೆಯಾದ ಜಾಗದಲ್ಲಿ ಪೊಲೀಸರು ಗೆರೆ ಎಳೆದ ಹಾಗೆ!’ ಎಂದಳು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನೀವು ಇದ್ದಿದ್ದರೆ ಕೋಪ ಮಾಡುತ್ತಿದ್ದಿರಿ.

ಸಾಮಾನು ಬಂದ ಚಂದವನ್ನಂತೂ ಹೇಳಿ ಮುಗಿಯದು. ಅಲ್ಲಿಂದ ಊರಿಗೆ ಹೊರಟವನ ಪೆಟ್ಟಿಗೆಯಲ್ಲಿ ಎರಡು ಕಿಲೋ ಜಾಗ ಉಳಿದರೆ ಸಾಕು, ನೀವು ಅದರಲ್ಲಿ ಒಂದು ತುಂಡು ಕಬ್ಬಿಣ ತುರುಕುತ್ತೀರಿ. ಕೂಲಿಯಿಲ್ಲದೆ ಮನೆ ಬಾಗಿಲಿಗೆ ಮುಟ್ಟುತ್ತದಲ್ಲ. ಡ್ರಿಲ್ಲು ಒಬ್ಬನ ಕೈಯಲ್ಲಿ ಬಂತು, ಅದರ ತುದಿಗೆ ಹಾಕುವ ಬಿಟ್ಟುಗಳು ನಾರಾವಿಯ ಅಶೋಕನ ಪೆಟ್ಟಿಗೆಯಲ್ಲಿ. ಅಶೋಕ ತನ್ನ ಮದುವೆಯ ಗಡಿಬಿಡಿಯಲ್ಲಿ ಅದನ್ನು ಮರೆತು, ಕೊನೆಗೆ ನಾನೇ ನಾರಾವಿಗೆ ಹೋಗಿ, ಮದುವೆ ಮನೆಯಲ್ಲಿ ಊಟ ಮಾಡಿ, ಮದುಮಗನ ಹತ್ತಿರ ಡ್ರಿಲ್ಲಿನ ಬಿಟ್ಟು ಕೇಳಿ ತಂದೆ. ಮುಯ್ಯಿಯ ಲಕೋಟೆ ಕೊಟ್ಟು ಕಬ್ಬಿಣ ತಂದ ಹೆಂಗಸು ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ತಂದು ಡ್ರಿಲ್ಲಿನ ಪ್ಲಗ್ಗನ್ನು ಗೋಡೆಗೆ ಚುಚ್ಚಲು ಹೋದರೆ, ಚುಚ್ಚುವುದು ಎಲ್ಲಿಗೆ? ಅಲ್ಲಿಯ ಪ್ಲಗ್ಗಿಗೆ ಮೂರು ಚಪ್ಪಟೆ ಕಾಲು, ಇಲ್ಲಿಯ ಗೋಡೆಯಲ್ಲಿ ಮೂರು ದುಂಡು ತೂತು. ಇಪ್ಪತ್ತು ವರ್ಷ ಆ ದೇಶದಲ್ಲಿದ್ದು, ಸ್ಟೋರಿನಲ್ಲಿ ಅದನ್ನೇ ದಿನಾ ಕೈಯಲ್ಲಿ ಹಿಡಿದವರಿಗೆ, ಊರಿನ ಮನೆಯ ಗೋಡೆಯ ತೂತು ಹೇಗುಂಟು ಎಂದು ಮರೆತುಹೋಗಿತ್ತು. ಹೇಳಿದರೆ, ‘ಅಷ್ಟೇ ತಾನೇ? ಅಡಾಪ್ಟರ್ ಕಳಿಸ್ತೇನೆ’ ಎಂದಿರಿ. ಕಳಿಸಿದಿರಿ. ಬಿಚ್ಚಿ ನೋಡಿದರೆ ಅದು ನಮ್ಮ ದುಂಡು ಪ್ಲಗ್ಗನ್ನು ಅಲ್ಲಿಯ ಗೋಡೆಗೆ ಹಾಕುವಂಥದ್ದು! ಶೆಡ್ಡಿನಲ್ಲಿ ಒಬ್ಬಳೇ ನಿಂತು, ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇಂಥ ಮನುಷ್ಯನ ಕೈಗೆ ಕರೆಂಟಿನ ಯಂತ್ರ ಕೊಡುವುದೇ ಅಪಾಯ ಎಂದುಕೊಂಡೆ. ಇಲೆಕ್ಟ್ರಿಷಿಯನ್ ‘ನಾಳೆ ಬರ್ತೇನೆ’ ಎನ್ನುತ್ತಾ ಬರಲೇ ಇಲ್ಲ. ಬೆಳ್ತಂಗಡಿಯಿಂದ ಪ್ಲಗ್ ಟಾಪ್ ತಂದೆ, ತೃಷಾ ಫೋನಿನಲ್ಲಿ ಯಾವ ವಯರು ಯಾವ ಕಾಲಿಗೆ ಎಂದು ಹೇಳಿದಳು, ನಾನು ತಿರುಪಿದೆ. ಡ್ರಿಲ್ಲು ‘ಗುರ್’ ಎಂದಾಗ ಬೆಕ್ಕು ಮಾಡಿನ ಮೇಲೆ ಹಾರಿತು. ನನಗೆ ಖುಷಿಯಾಯಿತು, ಅದನ್ನು ಒಪ್ಪಿಕೊಳ್ಳುತ್ತೇನೆ.

ಆಯುಧಪೂಜೆಯ ದಿನ ವೀಡಿಯೋ ಕಾಲಿನಲ್ಲಿ ನಿಮ್ಮ ದರ್ಬಾರು ನೋಡಬೇಕಿತ್ತು. ‘ಡ್ರಿಲ್ಲಿಗೆ ಹೂ ಇಡು, ಮೋಟರಿಗೆ ಕುಂಕುಮ ತಾಗಿಸಬೇಡ, ಫೋನು ಸ್ವಲ್ಪ ಎಡಕ್ಕೆ ಹಿಡಿ.’ ಒಂದು ದಿನವೂ ಕೆಲಸ ಮಾಡದ ಆಯುಧಕ್ಕೆ ಪೂಜೆ. ಕಾಯಿ ಒಡೆಯಲು ಕತ್ತಿ ಎತ್ತಿದರೆ ತಡೆದಿರಿ. ‘ಕಾಯಿ ಹಾಗೇ ಇರಲಿ. ಶೆಡ್ಡು ತಯಾರಾಯ್ತಲ್ಲ, ಗ್ರೈಂಡರೊಂದು ಬಾಕಿ. ಇನ್ನು ನಾನೇ ಬಂದು ಒಡೀತೇನೆ.’ ನಾನು ಆ ಕಾಯಿಗೆ ಅರಸಿನ ಹಚ್ಚಿ ರ‍್ಯಾಕಿನ ಮೇಲೆ ಇಟ್ಟೆ. ಜಗಲಿ ತೊಳೆದೆ. ನಿಮ್ಮ ಪಂಚೆಗಳನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದೆ.

ಹೋದ ಭಾನುವಾರ ಹಾರಿಸ್, ಅವನ ಹೆಂಡತಿ ಸಾಲಿಹಾ ಇಬ್ಬರೂ ಬಂದರು. ನೆರೆಮನೆಯಿಂದಲೇ ಆದರೂ ಹಾರಿಸ್ ಗ್ರೈಂಡರನ್ನು ಕಂಬಳಿಯಲ್ಲಿ ಸುತ್ತಿ, ಮಗುವನ್ನು ಹೊತ್ತ ಹಾಗೆ ಹೊತ್ತು ತಂದಿದ್ದ. ಚಾ ಕುಡಿಯುತ್ತಾ ಹೇಳಿದ, ‘ಅಣ್ಣ ಭಾರೀ ಖುಷಿಯಲ್ಲಿದ್ದಾರೆ ನೀಲಕ್ಕ. ಚೌತಿಗೆ ಮುಂಚೆ ಕಂಪನಿಯಲ್ಲಿ ಮತ್ತೆ ಎರಡು ವರ್ಷಕ್ಕೆ ಸಹಿ ಹಾಕಿದ್ರಲ್ಲ, ಆ ದಿನ ನಮಗೆಲ್ಲ ಬಿರಿಯಾನಿ ಹಾಕಿಸಿದ್ರು.’ ಸಾಲಿಹಾ ಮೇಜಿನ ಕೆಳಗೆ ಅವನ ಕಾಲು ತುಳಿದದ್ದು ನನಗೆ ಕಂಡಿತು. ಅವಳಿಗೆ ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು. ನಾನು, ‘ಹೌದು ಹೌದು, ಫೋನಿನಲ್ಲಿ ಹೇಳಿದ್ದರು. ಇನ್ನು ಸ್ವಲ್ಪ ಚಾ ಹಾಕ್ಲಾ?’ ಎಂದೆ. ನಿಮ್ಮ ಮರ್ಯಾದೆ ಉಳಿಸಲು ಅಲ್ಲ, ನನ್ನದನ್ನು.

ಚೌತಿಗೆ ಮುಂಚೆ! ಹಾಗಾದರೆ ಆಯುಧಪೂಜೆಯ ದಿನ, ಕಾಯಿ ಒಡೆಯಬೇಡ ಎನ್ನುವಾಗ, ಸಹಿಯ ಶಾಯಿ ಒಣಗಿ ಎಷ್ಟೋ ದಿನವಾಗಿತ್ತು. ನಿಮಗೆ ಬರಲು ಮನಸ್ಸಿಲ್ಲ ಎಂದರೆ ಬರಲು ಮನಸ್ಸಿಲ್ಲ ಎನ್ನಿ. ಅದಕ್ಕೆ ಡ್ರಿಲ್ಲು ಯಾಕೆ, ರ‍್ಯಾಕು ಯಾಕೆ, ನನ್ನ ಸೌದೆ ನೆನೆಸಿದ್ದು ಯಾಕೆ? ಗಂಡಸರು ಸುಳ್ಳು ಹೇಳುವುದು ಹೊಸತಲ್ಲ. ಸುಳ್ಳಿಗೆ ಇಷ್ಟು ಸಾಮಾನು ಜೋಡಿಸಿದವರನ್ನು ಮಾತ್ರ ನಾನು ಕಂಡಿಲ್ಲ. ಅದನ್ನೂ ಹೆಂಡತಿಯ ಕೈಯಲ್ಲೇ ಹೊರಿಸಿ, ಗುಜರಿ ರೇಟಿನಲ್ಲಿ.

ತೃಷಾಳ ಓದು, ತೃಷಾಳ ಮದುವೆ ಎಂದು ನೀವು ಹೇಳುವುದು ನನಗೆ ಗೊತ್ತುಂಟು. ಅವಳಿಗೆ ಹೇಳಿದೆ. ‘ಅಮ್ಮ, ಪಪ್ಪನಿಗೆ ಅಲ್ಲಿ ಇರ್ಬೇಕಾದ್ರೆ ಇರ್ಲಿ. ಅದಕ್ಕೆ ನನ್ನ ಹೆಸರು ಹೇಳುವುದು ಬೇಡ ಅಂತ ಬರೀರಿ’ ಎಂದಳು. ಬರೆದಿದ್ದೇನೆ.

ನಾನು ಏನು ಮಾಡಿದೆ ಎಂದೂ ಕೇಳಿ. ಮಾರನೆಯ ದಿನ ಆ ಕಾಯಿಯನ್ನು ನಾನೇ ಒಡೆದು, ಹೆರೆದು, ಬಂಗುಡೆ ಗಸಿ ಮಾಡಿದೆ. ಗಸಿ ಚೆನ್ನಾಗಿತ್ತು, ಸಾಲಿಹಾಳಿಗೂ ಒಂದು ಪಾತ್ರೆ ಕೊಟ್ಟೆ. ಗೆರೆಗಳು ಕಾಣದ ಹಾಗೆ ಇಡೀ ಹಲಗೆಗೆ ಸುಣ್ಣ ಬಳಿದೆ. ಗ್ರೈಂಡರಿನ ಚಪ್ಪಟೆ ಪ್ಲಗ್ಗನ್ನು ಕತ್ತರಿಸಿ ಬಿಸಾಡಿ, ನಮ್ಮ ಪ್ಲಗ್ ಹಾಕಿ, ಮೊದಲು ನನ್ನ ಅಡುಗೆಮನೆಯ ಮೆಟ್ಟುಕತ್ತಿಯನ್ನು ಮಸೆದೆ. ಕಿಡಿ ಹಾರುವಾಗ ಮೊದಲು ಹೆದರಿಕೆಯಾಯಿತು, ಆಮೇಲೆ ಆಗಲಿಲ್ಲ. ಸಾಲಿಹಾ ಮೀನಿನ ಕತ್ತಿ ತಂದಳು, ಅವಳು ಯಾರಿಗೆ ಹೇಳಿದಳೋ, ಈಗ ದಿನಾ ಯಾರಾದರೂ ಒಬ್ಬರು ಕತ್ತಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತಿರುತ್ತಾರೆ. ಹೆರೆಮಣೆಯ ಹಲ್ಲು ಹರಿತ ಮಾಡುವುದು ಮಾತ್ರ ಕಷ್ಟ, ಅದಿನ್ನೂ ಕೈಗೆ ಕೂತಿಲ್ಲ. ನಿಮ್ಮ ದೊಡ್ಡ ವರ್ಕ್‌ಶಾಪಿನಲ್ಲಿ ಈಗ ಬಂಗುಡೆ ಕೊಯ್ಯುವ ಕತ್ತಿಗಳು ಸಾಲಾಗಿ ನೇತಾಡುತ್ತಿವೆ. ನೋಡಿದರೆ ನಿಮಗೆ ಅವಮಾನವಾದೀತು, ಆದರೆ ನೋಡುವುದು ಹೇಗೆ, ನೀವು ಅಲ್ಲಿದ್ದೀರಿ.

ಇನ್ನು ಯಾರ ಪೆಟ್ಟಿಗೆಯಲ್ಲೂ ಏನನ್ನೂ ತುರುಕಬೇಡಿ. ಹಾರಿಸ್ ಕೈಯಲ್ಲಿ ಈ ಸಲ ಹಪ್ಪಳ, ಉಪ್ಪಿನಕಾಯಿ ಕಳಿಸಿಲ್ಲ. ಆ ಅಡಾಪ್ಟರನ್ನು ಮಾತ್ರ ಕಳಿಸಿದ್ದೇನೆ, ಅದು ಅಲ್ಲಿಯ ಗೋಡೆಗೇ ಸರಿಯಾಗುವುದು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಬಿಪಿಯ ಮಾತ್ರೆ ತಪ್ಪಿಸಬೇಡಿ. ಮನೆಯ ದೈವಗಳಿಗೆ ನಿಮ್ಮ ಹೆಸರಲ್ಲಿ ದೀಪ ಇಡುತ್ತಿದ್ದೇನೆ, ಅದನ್ನು ನಿಲ್ಲಿಸಿಲ್ಲ. ಅವು ನಿಮ್ಮನ್ನು ಎಲ್ಲಿದ್ದರೂ ಕಾಯಲಿ.

ಇತಿ,
ನೀಲಾವತಿ

ವಿ.ಸೂ.: ಒಂದು ಮಾತು ಬರೆಯಬಾರದು ಎಂದು ಪೆನ್ನು ಕೆಳಗಿಟ್ಟಿದ್ದೆ. ಆದರೆ ಬರೆಯುತ್ತೇನೆ. ಹಾರಿಸ್ ಬರುವುದಕ್ಕೆ ಮೊದಲು, ಈ ಸಹಿಯ ಸುದ್ದಿ ನನಗೆ ಗೊತ್ತಾಗುವ ಮೊದಲು, ಬಡಗಿ ಮುಂಡಪ್ಪ ಶೆಡ್ಡಿಗೆ ಕೆಲಸದ ಮೇಜು ಮಾಡಲು ಬಂದಿದ್ದ. ನಿಂತು ಕೆಲಸ ಮಾಡುವ ಮೇಜು, ಕೆಲಸ ಮಾಡುವವರ ಎತ್ತರಕ್ಕೆ ಸರಿಯಾಗಿ ಇರಬೇಕು, ಇಲ್ಲದಿದ್ದರೆ ಬೆನ್ನು ಹೋಗುತ್ತದೆ ಎಂದ. ‘ಧಣಿ ನಿಮ್ಮಿಂದ ಎಷ್ಟು ಎತ್ತರ ಅಕ್ಕ? ಅಂದಾಜಿಗೆ ಕೈಯಲ್ಲಿ ತೋರಿಸಿ, ಸಾಕು’ ಎಂದ. ನಾನು ಕೈ ಎತ್ತಿದೆ. ಹಣೆಯ ಹತ್ತಿರ ತಂದೆ, ತಲೆಯ ಮೇಲೆ ತಂದೆ, ಮತ್ತೆ ಕೆಳಗೆ ತಂದೆ. ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗಲಿಲ್ಲ. ಮದುವೆಯ ಫೋಟೋದಲ್ಲಿ ಇಬ್ಬರೂ ಕುಳಿತಿದ್ದೇವೆ. ಫೋನಿನಲ್ಲಿ ನಿಮ್ಮದು ಕುತ್ತಿಗೆಯವರೆಗೆ ಮಾತ್ರ. ಕರೆ ಮಾಡಿ ಕೇಳಬಹುದಿತ್ತು, ಆದರೆ ಗಂಡನ ಎತ್ತರವನ್ನು ಫೋನಿನಲ್ಲಿ ಕೇಳುವ ಹೆಂಡತಿಯಾಗಲು ಮನಸ್ಸಾಗಲಿಲ್ಲ. ಸಹಿಯ ಸುದ್ದಿಗೆ ನಾನು ಅಳಲಿಲ್ಲ. ಅವತ್ತು ಮುಂಡಪ್ಪನ ಎದುರು, ಎತ್ತಿದ ಕೈ ಇಳಿಸಲಾಗದೆ ಅತ್ತುಬಿಟ್ಟೆ. ಅವನು ಪಾಪ, ಅಡಿಕೋಲು ಹಿಡಿದುಕೊಂಡು ಅತ್ತ ತಿರುಗಿ ನಿಂತ. ಕೊನೆಗೆ, ನನ್ನ ಎತ್ತರಕ್ಕೇ ಮಾಡು ಎಂದೆ. ಹಾಗೆಯೇ ಮಾಡಿದ್ದಾನೆ. ನೀವು ಬಂದರೆ ಬಗ್ಗಿ ನಿಲ್ಲಬೇಕಾಗುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ.