ಬೀಗರು ಬಂದು ಹೋದ ಮಧ್ಯಾಹ್ನ

ಮಾನ್ಯ ಕಾರ್ಖಾನೆ ತಪಾಸಣಾಧಿಕಾರಿಗಳೇ,

ನೀವು ಬೆಳಿಗ್ಗೆ ನೋಡಿ, ಸುರಕ್ಷಿತವೆಂದು ಸಹಿ ಹಾಕಿ ಹೋದ ಯಂತ್ರ ಅದೇ ಮಧ್ಯಾಹ್ನ ನನ್ನ ಅಕ್ಕನ ಬಲಗೈಯ ನಾಲ್ಕು ಬೆರಳುಗಳನ್ನು ತೆಗೆದುಕೊಂಡಿತು. ಆಮೇಲೆ ನೀವು ಬರೆದ ವರದಿ ಅವಳ ಹೆಸರನ್ನು ತೆಗೆದುಕೊಂಡಿತು. ಈ ಪತ್ರ ಎರಡನೆಯ ಅಪಘಾತದ ಬಗ್ಗೆ. ಯಂತ್ರದ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಅದು ಯಾರನ್ನೂ ಅಜಾಗರೂಕರೆಂದು ಕರೆದಿಲ್ಲ.

ನಿಮ್ಮ ವಾಕ್ಯಗಳು ಹೀಗಿವೆ: “ರೋಲರುಗಳ ಮುಂದೆ ರಕ್ಷಣಾ ಜಾಲರಿ ಇರುವುದನ್ನು ಅದೇ ದಿನ ಬೆಳಿಗ್ಗೆ ಖುದ್ದಾಗಿ ಪರಿಶೀಲಿಸಲಾಗಿದೆ. ಆದ್ದರಿಂದ ಅಪಘಾತಕ್ಕೆ ಸದರಿ ಕಾರ್ಮಿಕ ಮಹಿಳೆಯ ಸ್ವಂತ ಅಜಾಗರೂಕತೆಯೇ ಕಾರಣ.” ನಾನು ಕನ್ನಡಕದ ಅಂಗಡಿ ಇಟ್ಟುಕೊಂಡಿರುವವನು. ಎರಡು ಬೇರೆ ಬೇರೆ ಗಾಜುಗಳನ್ನು ಒಂದೇ ನೋಟವಾಗಿಸುವುದು ಮೂಗಿನ ಮೇಲೆ ಕೂರುವ ಸಣ್ಣದೊಂದು ತುಂಡು. ನಿಮ್ಮ ಎರಡು ವಾಕ್ಯಗಳ ನಡುವೆ ಆ ಕೆಲಸ ಮಾಡುತ್ತಿರುವುದು ‘ಆದ್ದರಿಂದ’. ನನ್ನ ಜಗಳವೆಲ್ಲ ಆ ಒಂದು ಪದದೊಂದಿಗೆ. ಬೆಳಿಗ್ಗೆ ಜಾಲರಿ ಇತ್ತು ಎನ್ನುವುದು ನಿಜ. ಮಧ್ಯಾಹ್ನ ಬೆರಳುಗಳು ಹೋದದ್ದೂ ನಿಜ. ನಡುವೆ ಏನಾಯಿತು ಎಂದು ನೀವು ಕೇಳಲೇ ಇಲ್ಲ. ‘ಆದ್ದರಿಂದ’ ಎಂದು ಬರೆದು ದಾಟಿಬಿಟ್ಟಿರಿ.

ನೀವು ಕಾಣದೇ ಹೋದ ಆ ಜಾಗವನ್ನು ನಾನು ವಿವರಿಸಬೇಕಾಗಿದೆ. ಅದು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ. ತಗಡಿನ ಮಾಡು, ನೆಲದ ತುಂಬ ರಟ್ಟಿನ ಹೊಟ್ಟು, ಗೋಡೆಯ ಮೇಲೆ ‘ಸುರಕ್ಷತೆಯೇ ಮೊದಲು’ ಎಂಬ ಫಲಕ. ಎರಡು ಉಕ್ಕಿನ ರೋಲರುಗಳು ಮೇಲೊಂದು ಕೆಳಗೊಂದು ಸುತ್ತುತ್ತಿರುತ್ತವೆ. ಅವುಗಳ ನಡುವೆ ಹಾಳೆಯನ್ನು ದೂಡಿದರೆ ಮಡಿಕೆಯ ಗೆರೆ ಬಿದ್ದು ಆಚೆ ಬರುತ್ತದೆ. ಬಾಯಿಗೆ ಅಡ್ಡವಾಗಿ ಹಳದಿ ಬಣ್ಣದ ಜಾಲರಿ ಇರಬೇಕು. ಅದರ ಕೆಳಗಿನ ಸೀಳಿನಲ್ಲಿ ಹಾಳೆ ಮಾತ್ರ ತೂರಬೇಕು, ಕೈ ತೂರಬಾರದು. ಆದರೆ ಮೂಲೆ ಸೊಟ್ಟಗಾದ ಹಾಳೆ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ಯಂತ್ರ ನಿಲ್ಲಿಸಬೇಕು. ಯಂತ್ರ ನಿಂತರೆ ಮೇಸ್ತ್ರಿಗೆ ಮಾಲೀಕರಿಂದ ಬೈಗುಳ. ಹಾಗಾಗಿ ಜಾಲರಿ ಇರುವುದು ಉಗ್ರಾಣದ ಬೀರುವಿನ ತಲೆಯ ಮೇಲೆ, ಹಳೆಯ ಪತ್ರಿಕೆಗಳನ್ನು ಹೊದ್ದುಕೊಂಡು.

ಅದಕ್ಕೆ ಅಲ್ಲಿನ ಹೆಂಗಸರು ಇಟ್ಟಿರುವ ಹೆಸರು ‘ಬೀಗರ ತಟ್ಟೆ’. ಮನೆಯವರು ಯಾರೂ ಅದರಲ್ಲಿ ಉಣ್ಣುವಂತಿಲ್ಲ. ಬೀಗರು ಬಂದ ದಿನ ಮಾತ್ರ ಅಟ್ಟದಿಂದ ಇಳಿಯುತ್ತದೆ. ಬೀಗರು ಯಾರೆಂದು ನಿಮಗೆ ಹೊಳೆದಿರಬಹುದು. ನಿಮ್ಮ ಕಚೇರಿಯಿಂದ ದಿನಾಂಕ ತಿಳಿಸುವ ಪತ್ರ ಮುಂಚಿತವಾಗಿಯೇ ಬರುತ್ತದೆ. ಆ ದಿನ ನೆಲ ತೊಳೆಯುತ್ತಾರೆ, ಕಿವಿಗೆ ಇಟ್ಟುಕೊಳ್ಳುವ ಹತ್ತಿಯನ್ನು ಹಂಚುತ್ತಾರೆ, ಬೆಂಕಿ ನಂದಿಸುವ ಕೆಂಪು ಸಿಲಿಂಡರಿನ ಮುಂದೆ ಪೇರಿಸಿದ ರದ್ದಿಯನ್ನು ಪಕ್ಕದ ಗೋದಾಮಿಗೆ ಸಾಗಿಸುತ್ತಾರೆ. “ಬೀಗರ ತಟ್ಟೆ ಇಳಿಸ್ರೋ!” ಎಂದು ಮೇಸ್ತ್ರಿಯೂ ಅದೇ ಹೆಸರಿನಲ್ಲಿ ಕೂಗುತ್ತಾನೆ. ಇಡೀ ಕಾರ್ಖಾನೆಯಲ್ಲಿ ಈ ಹೆಸರು ಗೊತ್ತಿಲ್ಲದ ವ್ಯಕ್ತಿ ನೀವೊಬ್ಬರೇ ಇರಬೇಕು.

ಇನ್ನು ಆ ದಿನದ ಸಂಗತಿ. ಜಾಲರಿಯಿಲ್ಲದ ಯಂತ್ರದ ಮುಂದೆ ವರ್ಷಾನುಗಟ್ಟಲೆ ಕೂತು ಅಕ್ಕನ ಕೈ ಒಂದು ಭಯವನ್ನು ಕಲಿತಿತ್ತು. ಹಾಳೆಯ ಅಂಚು ರೋಲರಿಗೆ ತಗುಲಿದ ಕೂಡಲೇ ಕೈ ತಾನಾಗಿ ಹಿಂದೆ ಬರುತ್ತಿತ್ತು. ನೀವು ಬರುವ ಬೆಳಿಗ್ಗೆ ಜಾಲರಿ ಹಾಕಿದರು. ಸೊಟ್ಟ ಹಾಳೆ ಸೀಳಿನೊಳಗೆ ಹೋಗಬೇಕಾದರೆ ಅಂಗೈಯನ್ನು ಜಾಲರಿಗೆ ಊರಿ, ಹಾಳೆಯನ್ನು ತಟ್ಟಿ ಸರಿಮಾಡಬೇಕು. ಬೆಳಗಿನಿಂದ ಊಟದ ಹೊತ್ತಿನವರೆಗೂ ಅವಳು ಅದನ್ನೇ ಮಾಡಿದಳು. ನೀವು ಬಂದಿರಿ, ನೋಡಿದಿರಿ, ಮೆಚ್ಚಿ ತಲೆದೂಗಿದಿರಿ ಎಂದೂ ಕೇಳಿದೆ. ನಿಮ್ಮ ಕಾರು ಹೋಯಿತು. ಕೈ ಮಾತ್ರ ಹೊಸ ನಂಬಿಕೆಯಲ್ಲಿ ಉಳಿದುಕೊಂಡಿತು.

ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತು ಕೇಳಿದೆ, “ಏನಾಯ್ತು ಅಕ್ಕ?”

“ತಟ್ಟೆ ಇದೆ ಅಂತ ಕೈ ಊರಿದೆ ಕಣೋ. ಎತ್ತಿಟ್ಟುಬಿಟ್ಟಿದ್ರು.”

“ನೀನು ನೋಡ್ಲಿಲ್ವಾ?”

“ನೋಡ್ದೆ. ಕಣ್ಣಿಗೆ ಗೊತ್ತಿತ್ತಪ್ಪ. ಕೈಗೆ ಯಾರು ಹೇಳ್ಬೇಕಿತ್ತು?”

ಮಂಚದ ಕಾಲಬುಡದಲ್ಲಿ ಅವಳ ಜೊತೆ ಕೆಲಸ ಮಾಡುವ ಹುಡುಗಿ ನಿಂತಿದ್ದಳು. ಎಲ್ಲರೂ ಅವಳನ್ನು ಗಡಿಬಿಡಿ ಎಂದೇ ಕರೆಯುತ್ತಾರೆ. “ಊಟಕ್ಕೆ ಏಳೋವಾಗ ಇತ್ತಣ್ಣ. ವಾಪಸ್ ಬರೋಷ್ಟರಲ್ಲಿ ಮಾಯ. ಸಾಹೇಬ್ರ ಕಾರು ಇನ್ನೂ ಗೇಟು ದಾಟಿರ್ಲಿಲ್ಲ, ಮೇಸ್ತ್ರಿ ಸ್ಪ್ಯಾನರ್ ಹಿಡ್ಕೊಂಡು ನಿಂತಿದ್ದ” ಎಂದಳು.

“ಇನ್ನೇನೇ ಮತ್ತೆ? ಬೀಗರು ಕೈ ತೊಳ್ಕೊಂಡ್ರು, ಇವರು ತಟ್ಟೆ ಎತ್ತಿದ್ರು” ಎಂದಳು ಅಕ್ಕ.

ಗಡಿಬಿಡಿ ನಕ್ಕಳು; ನಕ್ಕಿದ್ದಕ್ಕೆ ನಾಚಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಕ್ಕನೂ ನಕ್ಕಳು. ನನಗೆ ನಗು ಬರಲಿಲ್ಲ. ಅಕ್ಕ ಆಗಿನ್ನೂ ನಿಮ್ಮ ವರದಿಯನ್ನು ಓದಿರಲಿಲ್ಲ. ನೀವು ಎಷ್ಟು ಚೆನ್ನಾಗಿ ಕೈ ತೊಳೆದುಕೊಂಡಿದ್ದೀರಿ ಎಂದು ಅವಳಿಗೆ ತಿಳಿದಿರಲಿಲ್ಲ.

ಸ್ವಾಮೀ, ಅಪಾಯಗಳನ್ನು ಗುರುತಿಸುವುದು ತಮ್ಮ ವೃತ್ತಿ. ತಮ್ಮದೇ ಇಲಾಖೆಯ ಕೈಪಿಡಿಯನ್ನು ನಾನು ಈಗ ಓದಿಕೊಂಡಿದ್ದೇನೆ. ಸಾಧ್ಯವಾದರೆ ಅಪಾಯವನ್ನೇ ತೆಗೆದುಹಾಕಬೇಕು. ಆಗದಿದ್ದರೆ ಅದಕ್ಕೂ ಮನುಷ್ಯನಿಗೂ ನಡುವೆ ತಡೆಯೊಂದನ್ನು ನಿಲ್ಲಿಸಬೇಕು. ಹುಷಾರಾಗಿರು ಎಂದು ಹೇಳುವುದು ಎಲ್ಲಕ್ಕಿಂತ ಕೊನೆಯ, ಎಲ್ಲಕ್ಕಿಂತ ದುರ್ಬಲವಾದ ಉಪಾಯ ಎನ್ನುತ್ತದೆ ಅದು. ಹಾಗಿದ್ದರೆ ವರದಿ ಬರೆಯುವಾಗ ಮಾತ್ರ ಆ ಕೊನೆಯ ಉಪಾಯವೇ ನಿಮ್ಮ ಏಕೈಕ ತೀರ್ಮಾನವಾದದ್ದು ಹೇಗೆ? ಕಾರ್ಖಾನೆಯ ಗೋಡೆಯ ಮೇಲೆ ಅಪಾಯಗಳ ಪಟ್ಟಿಯೂ ಇದೆಯಂತೆ: ಜಾರುವ ನೆಲ, ಶಬ್ದ, ದೂಳು, ಬೆಂಕಿ. ನಿಮ್ಮ ಅನುಮತಿಯಿದ್ದರೆ ಅದಕ್ಕೆ ಇನ್ನೊಂದನ್ನು ಸೇರಿಸಬಹುದೇ? ‘ತಪಾಸಣಾಧಿಕಾರಿಗಳ ಪೂರ್ವನಿಗದಿತ ಭೇಟಿ.’ ನೀವು ಬಾರದ ದಿನಗಳಲ್ಲಿ ಆ ಯಂತ್ರ ಬಾಯಿ ತೆರೆದುಕೊಂಡೇ ಇತ್ತು. ಅದಕ್ಕಾಗಿ ಮಾಲೀಕರು ಉತ್ತರ ಕೊಡಬೇಕು. ಅದು ಯಾವತ್ತಾದರೂ ಯಾರದಾದರೂ ಕೈ ಹಿಡಿಯುತ್ತಿತ್ತೇನೋ, ಅದೂ ನಿಜ. ಆದರೆ ಅಂದು ಹಿಡಿದದ್ದು ನಿಮಗಾಗಿ ಅರ್ಧ ದಿನ ಮುಚ್ಚಿ, ನಿಮ್ಮ ಬೆನ್ನ ಹಿಂದೆ ತೆರೆದದ್ದರಿಂದ.

ಅಕ್ಕ ಮನೆಗೆ ಬಂದಿದ್ದಾಳೆ. ಎಡಗೈಯಲ್ಲಿ ಗುಂಡಿ ಹಾಕಿಕೊಳ್ಳುವುದನ್ನು ಕಲಿಯುತ್ತಿದ್ದಾಳೆ. ನನ್ನನ್ನು ಕಾಡುವುದು ಅದಲ್ಲ. ಮೇಜಿನ ಮೇಲೆ ಕೈ ಊರುವ ಮುಂಚೆ ಅವಳು ಒಮ್ಮೆ ತಡೆಯುತ್ತಾಳೆ. ಮೇಜು ಅಲ್ಲೇ ಇದೆಯೇ ಎಂದು ನೋಡುತ್ತಾಳೆ. ನೋಡಿದ ಮೇಲೂ ನಂಬುವುದಿಲ್ಲ; ಮೊದಲು ಹೆಬ್ಬೆರಳಿನ ತುದಿಯಿಂದ ಮುಟ್ಟುತ್ತಾಳೆ. ಜನರ ಕಣ್ಣು ಪರೀಕ್ಷಿಸುವುದೇ ನನ್ನ ದಿನಚರಿ. ಕಂಡದ್ದನ್ನು ನಂಬಲಾರದ ಈ ದೋಷಕ್ಕೆ ಹಾಕುವ ಗಾಜು ನನ್ನಲ್ಲಿಲ್ಲ. ಅದನ್ನೇ ಜಾಗರೂಕತೆ ಎನ್ನುವುದಾದರೆ, ಸಂತೋಷಪಡಿ, ಈ ಊರಿನಲ್ಲಿ ಅವಳಷ್ಟು ಜಾಗರೂಕಳಾದ ಹೆಂಗಸು ಇನ್ನೊಬ್ಬಳಿಲ್ಲ.

ಈಗ ಬೇಡಿಕೆ. ‘ಆದ್ದರಿಂದ’ ಎಂಬ ಪದವನ್ನು, ಅದರ ಹಿಂದೆ ಬಾಲದಂತೆ ಬಂದ ಇಡೀ ವಾಕ್ಯವನ್ನು ವರದಿಯಿಂದ ತೆಗೆಯಿರಿ. ಜಾಲರಿಯನ್ನು ಬಿಚ್ಚಿದವರು ಯಾರು, ಬಿಚ್ಚಲು ಹೇಳಿದವರು ಯಾರು ಎಂದು ಮೇಸ್ತ್ರಿಯನ್ನೂ ಮಾಲೀಕರನ್ನೂ ಎದುರಿಗೆ ನಿಲ್ಲಿಸಿ ಕೇಳಿ. ಜಾಲರಿ ಇಲ್ಲದಿದ್ದರೆ ರೋಲರು ತಿರುಗಲೇಬಾರದು, ಹಾಗೆ ಯಂತ್ರವನ್ನು ಬದಲಿಸುವವರೆಗೆ ಅದಕ್ಕೆ ಬೀಗ ಹಾಕಿಸಿ. ಮತ್ತು ಇನ್ನು ಮುಂದೆ ಹೇಳದೇ ಬನ್ನಿ. ಹೇಳಿಯೇ ಬರುವುದಾದರೆ ದಯವಿಟ್ಟು ಬರಲೇಬೇಡಿ.

ಅವಸರ ಏಕೆಂದರೆ, ನಿಮ್ಮ ಮುಂದಿನ ಭೇಟಿಯ ದಿನಾಂಕವನ್ನು ಈಗಾಗಲೇ ನೋಟಿಸ್ ಬೋರ್ಡಿಗೆ ಅಂಟಿಸಿದ್ದಾರೆ. ಅಕ್ಕನ ಜಾಗದಲ್ಲಿ, ಅದೇ ರೋಲರುಗಳ ಮುಂದೆ, ಈಗ ಗಡಿಬಿಡಿ ಕೂರುತ್ತಾಳೆ. ಮೊನ್ನೆ ಅಕ್ಕನನ್ನು ನೋಡಲು ಬಂದಿದ್ದಳು. “ಸಾಹೇಬರು ಬರೋ ದಿನ ಒಂದು ರಜೆ ಹಾಕ್ಬಿಡಮ್ಮ” ಎಂದೆ.

“ಎಲ್ಲಿ ಅಣ್ಣ, ಅವತ್ತು ಯಾರಿಗೂ ರಜೆ ಇಲ್ವಂತೆ” ಎಂದಳು. “ಬೀಗರು ಬರೋವಾಗ ಮನೆ ತುಂಬಿರ್ಬೇಕಂತೆ.”

ಇಂತಿ,
ತಮಗೆ ಕನ್ನಡಕದ ಅಗತ್ಯವಿಲ್ಲವೆಂದು ಮನಗಂಡ
ಕನ್ನಡಕದ ಅಂಗಡಿಯವನು,
‘ಸದರಿ ಕಾರ್ಮಿಕ ಮಹಿಳೆ’ಯ ತಮ್ಮ